ಅಪ್ರದಕ್ಷಿಣೆಗೆ ದೋಸೆ ಹಿಟ್ಟಿನ ಪ್ರಾಯೋಜಕತ್ವ

ನಮ್ಮ ಅಂಗಡಿಯ ಹೆಸರು ಹೊತ್ತ ಕಾರೊಂದು ಕಳೆದ ವರ್ಷ ಏಳು ರೇಸಿನಲ್ಲಿ ಓಡಿತು. ಏಳರಲ್ಲೂ ಕೊನೆಗೆ ಬಂತು ಅಂದರೆ ಸುಳ್ಳಾಗುತ್ತದೆ. ಎರಡರಲ್ಲಿ ಬರಲೇ ಇಲ್ಲ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ, ಷಾರ್ಲಟ್‌ನ ಹೊರವಲಯ. ಅಂಗಡಿ ದೊಡ್ಡದೇನಲ್ಲ. ಮುಂದೆ ತೊಗರಿಬೇಳೆ, ಸೋನಾಮಸೂರಿ, ಬ್ಯಾಡಗಿ ಮೆಣಸಿನಕಾಯಿ. ಹಿಂದಿನ ಕೋಣೆಯಲ್ಲಿ ನನ್ನ ಹೆಂಡತಿ ರುಬ್ಬಿ ಡಬ್ಬಕ್ಕೆ ತುಂಬುವ ದೋಸೆ ಹಿಟ್ಟು. ಬಾಡಿಗೆ ಕಟ್ಟುವುದು ಹಿಟ್ಟು, ಬೇಳೆಕಾಳು ಬರೀ ಗಾಂಭೀರ್ಯಕ್ಕೆ. ಗೌರಿಹಬ್ಬದ ಹಿಂದಿನ ದಿನ ಗ್ರೈಂಡರಿನ ಬೆಲ್ಟ್ ಕಿತ್ತುಹೋಯಿತು. ಕೊಯಮತ್ತೂರಿನ ಯಂತ್ರ, ಬೆಲ್ಟು ಇಲ್ಲೆಲ್ಲಿ ಸಿಗಬೇಕು? ಪಕ್ಕದ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಬಂದು, ಅಳತೆ ನೋಡಿ, ಯಾವುದೋ ಹಳೇ ಕಾರಿನ ಫ್ಯಾನ್ ಬೆಲ್ಟ್ ತಂದು ಹಾಕಿ ಹೋದ. ದುಡ್ಡು ಬೇಡ ಅಂದ. ದುಡ್ಡು ಬೇಡ ಅನ್ನುವವರ ಹತ್ತಿರ ಹುಷಾರಾಗಿರಬೇಕು ಅಂತ ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಮಾರ್ಚಿನಲ್ಲಿ ಬಂದು ತಲೆ ಕೆರೆಯುತ್ತಾ ನಿಂತ. ಶನಿವಾರ ರಾತ್ರಿ ಸ್ಟ್ರೀಟ್ ಸ್ಟಾಕ್ ರೇಸ್, ಅಂದರೆ ರಸ್ತೆಯ ಹಳೇ ಕಾರುಗಳನ್ನೇ ಸಜ್ಜು ಮಾಡಿಕೊಂಡು ಆಡುವ ರೇಸ್, ಓಡಿಸುತ್ತಾನಂತೆ. ಪ್ರಾಯೋಜಕರು ಬೇಕಂತೆ. ಜಾಸ್ತಿ ಏನಿಲ್ಲ, ನಾಲ್ಕು ಟೈರಿನ ದುಡ್ಡು.

"ಲವ್ಸ್ ಪೆಟ್ರೋಲ್ ಬಂಕು ನೋಡಿ," ಅಂತ ಶುರು ಮಾಡಿದ. "1964ರಲ್ಲಿ ಒಕ್ಲಹೋಮಾದ ಹಳ್ಳಿಯೊಂದರಲ್ಲಿ ಗಂಡ ಹೆಂಡತಿ ಸೇರಿ ಹಾಕಿದ ಬಂಕು. ಇವತ್ತಿಗೂ ಆ ಮನೆಯವರದೇ. ಯಾರೂ ಲೆಕ್ಕಕ್ಕೇ ಇಡದ ತಂಡಕ್ಕೆ ದುಡ್ಡು ಕೊಟ್ಟರು. ಆ ತಂಡದ ಚಾಲಕ ಮೈಕಲ್ ಮ್ಯಾಕ್‌ಡೋವೆಲ್ 357 ರೇಸಿನಲ್ಲಿ ಒಂದೂ ಗೆದ್ದಿರಲಿಲ್ಲ. 358ನೆಯದು 2021ರ ಡೇಟೋನಾ 500, ಈ ಆಟದಲ್ಲೇ ದೊಡ್ಡ ರೇಸು. ಕೊನೇ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಡಿಕ್ಕಿ ಹೊಡೆದುಕೊಂಡರು, ಇವನು ನುಗ್ಗಿ ಗೆದ್ದ!"

"ಅಂದ್ರೆ ಮುಂದಿದ್ದವರು ಡಿಕ್ಕಿ ಹೊಡ್ಕೊಂಡರೆ ನೀನೂ ಗೆಲ್ತೀಯ?"

"ಖಂಡಿತ."

"ನಿನ್ನ ಮುಂದೆ ಸಾಮಾನ್ಯವಾಗಿ ಎಷ್ಟು ಜನ ಇರ್ತಾರೆ?"

"ಹತ್ತೊಂಬತ್ತು."

ಸತ್ಯ ಹೇಳುವ ಹುಡುಗ. ಅದಕ್ಕೇ ಸೋತೆ.

ಬ್ಯಾಂಕಿನಿಂದ ನೋಟು ತಂದು ಕೊಟ್ಟರೆ ಮುಟ್ಟಲಿಲ್ಲ. ಎಲ್ಲ ಐವತ್ತು ಡಾಲರಿನ ನೋಟು. 1964ರಲ್ಲಿ ಜೋ ವೆದರ್ಲಿ ಅನ್ನುವ ಚಾಂಪಿಯನ್ ರೇಸಿನಲ್ಲಿ ಸತ್ತಾಗ ಜೇಬಿನಲ್ಲಿ ಐವತ್ತರ ನೋಟಿತ್ತು ಅಂತ ಇವರಲ್ಲಿ ಮಾತು. ಅಂದಿನಿಂದ ರೇಸಿನವರಿಗೆ ಅದು ಅಪಶಕುನ. ಪುನಃ ಬ್ಯಾಂಕಿಗೆ ಹೋಗಿ ಇಪ್ಪತ್ತರ ನೋಟು ಮಾಡಿಸಿ ತಂದೆ. ನಮ್ಮಲ್ಲಾದರೆ ಮೇಲೊಂದು ರೂಪಾಯಿ ಇಟ್ಟು ನೂರಾ ಒಂದು ಮಾಡಿದರೆ ಯಾವ ದೋಷವೂ ಹೋಗುತ್ತದೆ.

ಆಮೇಲೆ ಬಣ್ಣದ ಪ್ರಶ್ನೆ. ನಮ್ಮ ಡಬ್ಬದ ಮೇಲೆ ಬಾಳೆಎಲೆ. ಕಾರೂ ಹಸಿರಾಗಲಿ ಅಂದಳು ಹೆಂಡತಿ. ಹುಡುಗನ ಮುಖ ಬಿಳಿಚಿತು. ರೇಸ್ ಕಾರಿಗೆ ಹಸಿರು ಬಳಿಯುವುದು ಮಹಾ ಅನಿಷ್ಟವಂತೆ. 1920ರಲ್ಲಿ ಗಾಸ್ಟನ್ ಷೆವ್ರೊಲೆ ಅನ್ನುವ ರೇಸ್ ಚಾಲಕ ಸತ್ತದ್ದು ಹಸಿರು ಕಾರಿನಲ್ಲಂತೆ. "ಸಿಗ್ನಲ್ಲಿನಲ್ಲಿ ಹಸಿರು ಬಂದರೇನೇ ಅಲ್ಲವಾ ಹೋಗೋದು?" ಅಂತ ನಾನು ವಾದಿಸಿದೆ, ಲಾಭವಾಗಲಿಲ್ಲ. ಬಣ್ಣದ ಜಗಳ ಈ ಆಟದಲ್ಲಿ ನಾವೇ ಶುರು ಮಾಡಿದ್ದೇನಲ್ಲ. 1972ರಲ್ಲಿ ಎಸ್‌ಟಿಪಿ ಎಂಬ ಪ್ರಾಯೋಜಕ ಕಂಪನಿ, ಚಾಲಕ ರಿಚರ್ಡ್ ಪೆಟ್ಟಿಯ ಕಾರು ಪೂರಾ ಕೆಂಪಾಗಬೇಕು ಅಂದಿತ್ತು. ಅವನೋ ಮನೆತನದ ನೀಲಿ ಬಿಡಲಾರೆ ಅಂತ ಕೂತ. ಕೊನೆಗೆ ಅರ್ಧ ಕೆಂಪು, ಅರ್ಧ ನೀಲಿ. 200 ರೇಸ್ ಗೆದ್ದ ಮನುಷ್ಯನ ಹಟ ನಡೆಯುತ್ತದೆ. ಒಂದೂ ಗೆಲ್ಲದವನ ಹಟವೂ ನಡೆಯಿತು ಅನ್ನುವುದೇ ನನಗೆ ಸೋಜಿಗ. ಅರಿಶಿನದ ಬಣ್ಣಕ್ಕೆ ರಾಜಿಯಾದೆವು.

ಹೆಸರು ಎಲ್ಲಿ ಬರೆಸಬೇಕು? ಬಾನೆಟ್ ಮೇಲಾದರೆ ಹೆಚ್ಚು ದುಡ್ಡು, ಪಕ್ಕಕ್ಕಾದರೆ ಕಡಿಮೆ, ಹಿಂದಿನ ಬಂಪರಿಗಾದರೆ ಇನ್ನೂ ಕಡಿಮೆ. ಹೆಂಡತಿ ಒಂದು ನಿಮಿಷ ಯೋಚಿಸಿ ಹೇಳಿದಳು: "ರೀ, ಇವನನ್ನ ಎಲ್ಲರೂ ಹಿಂದಿನಿಂದ ಬಂದು ದಾಟಿಕೊಂಡು ಹೋಗ್ತಾರೆ. ಒಂದೊಂದು ಕಾರೂ ಒಂದೆರಡು ಸಲ. ಹಿಂದುಗಡೇನೇ ಬರೆಸಿ, ಎಲ್ಲರೂ ಓದ್ತಾರೆ." ಎಂಬಿಎ ಮಾಡಿದ ನನಗೆ ಹೊಳೆಯದ್ದು. ಹಾಗೆ ಬಂಪರಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ದೋಸಾ ಹಿಟ್ಟು' ಅಂತ ಒಂದಡಿ ಎತ್ತರದ ಸ್ಟಿಕ್ಕರ್ ಅಂಟಿತು.

ಟೈರು ಬಂತು. ನಾನೂ ವ್ಯಾಪಾರಸ್ಥ, ಅಳೆದು ನೋಡಿದೆ. ಬಲಗಡೆ ಹಿಂದಿನದು ಎಡಗಡೆಯದಕ್ಕಿಂತ ದೊಡ್ಡದು! ಬೆಲೆ ಒಂದೇ, ಅಳತೆ ಬೇರೆ. ತೂಕದಲ್ಲಿ ಮೋಸವಾದ ಹಾಗೆ ಕೂಗಾಡಿದೆ. ಆಗ ಹುಡುಗ ಶಾಂತವಾಗಿ ವಿವರಿಸಿದ. ಈ ಕಾರುಗಳು ಮೊಟ್ಟೆಯಾಕಾರದ ದಾರಿಯಲ್ಲಿ ಬರೀ ಎಡಕ್ಕೆ ಸುತ್ತುತ್ತವೆ. ಬಲಗಡೆ ಟೈರು ದೊಡ್ಡದಿದ್ದರೆ ಕಾರು ತಾನಾಗೇ ಎಡಕ್ಕೆ ವಾಲುತ್ತದೆ. ಭಾರವನ್ನೂ ಎಡಕ್ಕೇ ಕೂಡಿಸಿರುತ್ತಾರೆ.

ಅಷ್ಟು ಹೊತ್ತು ಸುಮ್ಮನೆ ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು.

ಅಮ್ಮ ಬಸವನಗುಡಿಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಹುಡುಗನ ತಲೆಗೂದಲಿನ ಬಣ್ಣ ನೋಡಿ ಮೊದಲ ದಿನವೇ ಅವನಿಗೆ ಕೆಂಚ ಅಂತ ಹೆಸರಿಟ್ಟಾಗಿತ್ತು.

"ಯಾವ ಕಡೆಗೆ ಸುತ್ತೋದು ಅಂದೆ?"

"ಎಡಕ್ಕಮ್ಮ."

"ಅಪ್ರದಕ್ಷಿಣೆ!" ಹುರುಳಿಕಾಯಿ ಕೆಳಗಿಟ್ಟಳು. "ಒಂದು ಸುತ್ತು ಹಾಕಿದರೇನೇ ಏಳಿಗೆ ಇಲ್ಲ, ಇವನು ಎಷ್ಟು ಹಾಕ್ತಾನೆ?"

"ಮೂವತ್ತು."

"ಅದಕ್ಕೇ ಮತ್ತೆ ಗೆಲ್ಲಲ್ಲ! ಬಲಕ್ಕೆ ಸುತ್ತು ಅಂತ ಹೇಳೋ ಅವನಿಗೆ."

"ಉಳಿದವರೆಲ್ಲ ಎದುರಿಗೆ ಬರ್ತಾರಮ್ಮ."

"ಅವರಿಗೂ ಹೇಳು."

ಮೊದಲ ಶನಿವಾರ ಎಲ್ಲರೂ ಹೋದೆವು. ಅಮ್ಮ ಕಾರಿನ ಸುತ್ತ, ಪ್ರದಕ್ಷಿಣೆಯಾಗಿಯೇ, ಒಂದು ಸುತ್ತು ಬಂದು ಪರಿಶೀಲಿಸಿದಳು. ಬಾಗಿಲು ತೆರೆಯುವುದಿಲ್ಲ, ಕಿಟಕಿಯಲ್ಲೇ ತೂರಿಕೊಂಡು ಹೋಗಬೇಕು. ಕಿಟಕಿಗೆ ಗಾಜಿಲ್ಲ, ಬಲೆ. "ಹಾರನ್ನೂ ಇಲ್ವಲ್ಲೋ, ಹೆಂಗೆ ಓವರ್‌ಟೇಕ್ ಮಾಡ್ತಾನೆ?"

"ಮಾಡಲ್ಲಮ್ಮ."

ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿಯ ಸರ ಕಟ್ಟಿದಳು. ರೇಸಿಗೆ ಮುಂಚೆ ತೂಕ, ಎತ್ತರ ಎಲ್ಲ ಪರೀಕ್ಷೆ ಮಾಡುತ್ತಾರೆ. ಪರೀಕ್ಷಕ ಸರವನ್ನು ಬೆರಳಿನಲ್ಲಿ ಎತ್ತಿ ಇದೇನು ಅಂದ. ಸುರಕ್ಷತಾ ಸಾಧನ ಅಂದೆ. ತೂಗಾಡುವ ಸಾಧನ ಯಾವುದೂ ಇರಕೂಡದು ಅಂತ ಬಿಚ್ಚಿ ನನ್ನ ಕೈಗೇ ಕೊಟ್ಟ. ಅವನನ್ನು ತಪ್ಪೆನ್ನಲಾರೆ. 1949ರಲ್ಲಿ ಇದೇ ಷಾರ್ಲಟ್‌ನಲ್ಲಿ ನ್ಯಾಸ್ಕಾರ್ ಅನ್ನುವ ಕಾರ್ ರೇಸ್ ಸಂಸ್ಥೆಯ ಇಂದಿನ ಮುಖ್ಯ ಸರಣಿಯ ಮೊದಲ ರೇಸ್ ನಡೆದಾಗ, ಮೊದಲು ಬಂದ ಕಾರಿನ ಸ್ಪ್ರಿಂಗಿನಲ್ಲಿ ಕಳ್ಳಭಟ್ಟಿ ಸಾಗಿಸುವವರ ಕೈಚಳಕ ಕಂಡಿತು ಅಂತ ಗೆಲುವನ್ನೇ ಕಿತ್ತು ಎರಡನೆಯವನಿಗೆ ಕೊಟ್ಟಿದ್ದರು. ಅಂಥ ಪರಂಪರೆ. ಕೆಂಚನಿಗೆ ಮಾತ್ರ ಆ ಭಯವಿಲ್ಲ, ಕಿತ್ತುಕೊಳ್ಳಲು ಅವನ ಹತ್ತಿರ ಏನಿದೆ?

ಅಷ್ಟರಲ್ಲಿ ಅಮ್ಮ ಚೀಲ ಬಿಚ್ಚಿ, ಮನೆಯಲ್ಲಿ ಉಪ್ಪು ಹಾಕಿ ಬೇಯಿಸಿ ತಂದಿದ್ದ ಕಡಲೆಕಾಯಿ ಹಂಚತೊಡಗಿದ್ದಳು. ಈ ಸೀಮೆಯಲ್ಲಿ ರಸ್ತೆ ಬದಿ ಬೇಯಿಸಿದ ಕಡಲೆಕಾಯಿ ಮಾರುವುದನ್ನು ಕಂಡ ದಿನದಿಂದ ಅವಳಿಗೆ ಇಲ್ಲಿನ ಜನರ ಮೇಲೆ ಅಭಿಮಾನ. ಆದರೆ ತಂಡದ ಹಿರಿಯ ಮೆಕ್ಯಾನಿಕ್ಕು ಹಾವು ಕಂಡವನಂತೆ ಎರಡು ಹೆಜ್ಜೆ ಹಿಂದೆ ಸರಿದ. ಸಿಪ್ಪೆ ಸಮೇತ ಕಡಲೆಕಾಯಿಯನ್ನು ರೇಸ್ ಕಾರಿನ ಹತ್ತಿರ ತರುವುದು ಹಸಿರಿಗಿಂತಲೂ ಕೆಟ್ಟದ್ದಂತೆ! ನಾನು ಅನುವಾದ ಮಾಡಿ ಹೇಳಿದೆ.

"ಏನು ಮೂಢನಂಬಿಕೆ ಅಂತೀನಿ," ಅಂದಳು ಅಮ್ಮ, ಮೂರು ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡು. "ಕಾರ್ತಿಕ ಸೋಮವಾರ ನಾವು ಕಡಲೆಕಾಯಿಗೆ ಪರಿಷೇನೇ ಮಾಡ್ತೀವಿ. ಬಸವಣ್ಣನ ಪ್ರಸಾದ ಇವರಿಗೆ ಅಪಶಕುನವಂತೆ!"

ಆ ಮೆಕ್ಯಾನಿಕ್ಕೂ ಅವಳ ನಿಂಬೆಹಣ್ಣು ನೋಡಿ ಅದೇ ಮಾತನ್ನು ಇಂಗ್ಲಿಷಿನಲ್ಲಿ ಗೊಣಗಿದ. ಅದನ್ನು ನಾನು ಅನುವಾದ ಮಾಡಲಿಲ್ಲ.

ಸಂಧಾನ ಆದದ್ದು ನಾಣ್ಯದಿಂದ. 1998ರಲ್ಲಿ ಪುಟ್ಟ ಹುಡುಗಿಯೊಬ್ಬಳು ಕೊಟ್ಟ ಒಂದು ಸೆಂಟಿನ ನಾಣ್ಯವನ್ನು ಚಾಂಪಿಯನ್ ಚಾಲಕ ಡೇಲ್ ಅರ್ನ್‌ಹಾರ್ಟ್ ಕಾರಿನೊಳಗೆ ಅಂಟಿಸಿಕೊಂಡು, ಇಪ್ಪತ್ತನೇ ಪ್ರಯತ್ನದಲ್ಲಿ ಡೇಟೋನಾ 500 ಗೆದ್ದ ಕಥೆ ಇಲ್ಲಿ ಮಕ್ಕಳಿಗೂ ಬಾಯಿಪಾಠ. ಅಮ್ಮ ಪರ್ಸಿನಿಂದ ಒಂದು ರೂಪಾಯಿ ತೆಗೆದು ಕೊಟ್ಟಳು. ಮೆಕ್ಯಾನಿಕ್ಕು ಅದನ್ನು ಭಕ್ತಿಯಿಂದ ಡ್ಯಾಷ್‌ಬೋರ್ಡಿಗೆ ಅಂಟಿಸಿದ.

ಹಸಿರು ಬಾವುಟ ಬಿತ್ತು. ಬಾವುಟಕ್ಕೆ ಹಸಿರಾಗಬಹುದು, ಕಾರಿಗೆ ಆಗದು, ಇರಲಿ. ನಮಗೆಲ್ಲ ಕಿವಿಗೆ ಹೆಡ್‌ಫೋನು ಕೊಟ್ಟಿದ್ದರು, ಕೆಂಚನ ಮಾತು ಅದರಲ್ಲಿ ಕೇಳಿಸುತ್ತದೆ. ಮೂರನೇ ಸುತ್ತಿಗೇ ಅವನ ಆರ್ತನಾದ: "ಲೂಸ್! ಐ ಯಾಮ್ ಲೂಸ್! ವೆರಿ ಲೂಸ್!" ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿದರೆ ಇಲ್ಲಿಯವರು ಲೂಸ್ ಅನ್ನುತ್ತಾರೆ. ಅಮ್ಮ ಹೆಡ್‌ಫೋನು ತೆಗೆದು ನನ್ನ ಕಡೆ ತಿರುಗಿದಳು. "ಪಾಪ, ತಾನೇ ಬಾಯಿಬಿಟ್ಟು ಒಪ್ಕೋತಾನೆ ನೋಡು. ನಿಮ್ಮಪ್ಪ ಕೊನೇವರೆಗೂ ಒಪ್ಪಲಿಲ್ಲ."

ಹನ್ನೊಂದನೇ ಸುತ್ತಿನಲ್ಲಿ ಹಿಂದಿನ ಕಾರು ಸಣ್ಣಗೆ ಮುಟ್ಟಿತು. ಈ ಆಟದಲ್ಲಿ ಅದು ನಮಸ್ಕಾರ ಹೇಳಿದ ಹಾಗೆ. ಬಂಪರಿನ ಬಲತುದಿ ಕಿತ್ತು ಬಿತ್ತು, ಜೊತೆಗೆ ಸ್ಟಿಕ್ಕರಿನ ಕೊನೆಯ ಎರಡಕ್ಷರ. ನಮ್ಮ 'ಹಿಟ್ಟು' ಈಗ ಬರೀ 'ಹಿಟ್'. ಇಂಗ್ಲಿಷ್ ಬಲ್ಲ ಹತ್ತೊಂಬತ್ತು ಜನ ಹಿಂದಿನಿಂದ ಬರುತ್ತಿದ್ದಾರೆ, ಒಂದಡಿ ಎತ್ತರದ ಅಕ್ಷರದಲ್ಲಿ ನಾವೇ ಹೊಡೆಯಿರಿ ಅಂತ ಬರೆಸಿದ್ದೇವೆ. ಹೊಡೆದರು. ಅಕ್ಷರಸ್ಥ ಜನ.

ಬಂಪರ್ ಸರಿಮಾಡಿಸಲು ಮತ್ತೆ ದುಡ್ಡು ನನ್ನದೇ. ಸ್ಟಿಕ್ಕರಿಗೆ ಅಂತ ಬೇರೆ ಕೇಳಿದಾಗ ಹೆಂಡತಿ ಕಡ್ಡಿ ಮುರಿದ ಹಾಗೆ ಬೇಡ ಅಂದಳು. ಹೀಗಾಗಿ ವರ್ಷ ಪೂರ್ತಿ ನಮ್ಮ ಕಾರು 'ದೋಸಾ ಹಿಟ್' ಎಂಬ ಹೆಸರಿನಲ್ಲೇ ಪೆಟ್ಟು ತಿಂದಿತು. ವ್ಯಾಪಾರ? ಜೂನಿನಲ್ಲಿ ಬೇಸ್‌ಬಾಲ್ ಟೋಪಿ ಹಾಕಿದ ಆರಡಿ ಆಸಾಮಿ ಬಂದು "ಆ ಹಿಟ್ ಅನ್ನೋದು ಇದೆಯಾ?" ಅಂತ ಕೇಳಿ ಒಂದು ಡಬ್ಬ ಒಯ್ದ. ಮುಂದಿನ ವಾರ ಬಂದು ಎರಡು ಕೇಳಿದ. ದಪ್ಪಗೆ ಹುಯ್ದು, ಮೇಲೆ ಮೇಪಲ್ ಸಿರಪ್ ಸುರಿದು ತಿಂತಾನಂತೆ. ಅಮ್ಮನಿಗೆ ತಿಳಿಸಿಲ್ಲ.

ಅಮ್ಮ ಬೆಂಗಳೂರಿಗೆ ಹೊರಡುವ ಹಿಂದಿನ ಶನಿವಾರ ಕೊನೆಯದಾಗಿ ಒಂದು ರೇಸಿಗೆ ಬರುತ್ತೇನೆ ಅಂದಳು. ಇಪ್ಪತ್ತೆರಡನೇ ಸುತ್ತಿನಲ್ಲಿ ಎಂದಿನ ಹಾಗೆ ಯಾರೋ ನಮ್ಮ ಜಾಹೀರಾತು ಓದಿದರು. ಕಾರು ಗಿರಗಿರನೆ ಒಂದೂವರೆ ಸುತ್ತು ತಿರುಗಿ, ಹೊಗೆ ಎಬ್ಬಿಸಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಹಳದಿ ಬಾವುಟ ಬೀಸಿದರು, ಉಳಿದ ಕಾರುಗಳು ನಿಧಾನವಾದವು. ನನ್ನ ಹೃದಯ ಬಾಯಿಗೆ ಬಂದಿತ್ತು. ಹೆಡ್‌ಫೋನಿನಲ್ಲಿ ಕೆಂಚ ತಾನು ಚೆನ್ನಾಗಿದ್ದೇನೆ ಅಂದ. ಅಲ್ಲೇ ಹಿಂದೆ ಮುಂದೆ ಮಾಡಿ ತಿರುಗಿಸಿಕೊಳ್ಳಲು ಜಾಗವಿಲ್ಲದೆ, ಅಗಲವಿದ್ದ ಕಡೆಯ ತನಕ ನಾಲ್ಕು ಮಾರು ಹಾಗೇ ಮುಂದಕ್ಕೆ ತೆವಳಿದ. ಬಲಸುತ್ತಾಗಿ.

ಪಕ್ಕಕ್ಕೆ ನೋಡಿದರೆ ಅಮ್ಮ ಎದ್ದು ನಿಂತಿದ್ದಳು, ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ.

"ಇಷ್ಟು ದಿನಕ್ಕೆ ಹೇಳಿದ ಮಾತು ಕೇಳ್ದ ನೋಡೋ," ಅಂದಳು.