‘ನಿಮ್ಮದು ಮೂಲ ಯಾವ ಕಡೆ?’

ಹೋದ ವರ್ಷ ಬೇಲೂರು ತೇರಿನಲ್ಲಿ ಒಬ್ಬ ಹೆಂಗಸಿನ ಹತ್ತಿರ ಮಣಿಸರ ಕೊಳ್ಳುತ್ತಿದ್ದೆ. ನೆಲದ ಮೇಲೆ ನೀಲಿ ಟಾರ್ಪಾಲು, ಅದರ ತುಂಬ ಸರಗಳು, ಪ್ಲಾಸ್ಟಿಕ್ ಹೂವು. ನನ್ನ ಜೊತೆ ಕನ್ನಡ, ಪಕ್ಕದ ಟೂರಿಸ್ಟ್ ಜೊತೆ ಹಿಂದಿ, ಮಗಳ ಜೊತೆ ಇನ್ನೊಂದು ಭಾಷೆ. “ನಿಮ್ಮದು ಯಾವ ಕಡೆ?” ಅಂದೆ. “ಅಂಗಡಿಹಳ್ಳಿ ಅಕ್ಕ, ಇಲ್ಲೇ.” ನಾನು ಬಿಡಲಿಲ್ಲ. “ಅಲ್ಲ, ಮೂಲ?”

ಸರದ ದಾರವನ್ನು ಹಲ್ಲಿನಲ್ಲಿ ಕಡಿದು ಅವರು ಹೇಳಿದರು: “ನಮ್ಮಜ್ಜಿ ಮಣ್ಣಾಗಿದ್ದು ಇಲ್ಲೇ. ನಿಮ್ಮದು ಮೂಲ ಯಾವುದು?”

ನಮ್ಮದು ಮೂಡಿಗೆರೆ ಕಡೆ. ಆದರೆ ಅಜ್ಜ ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಹತ್ತಿ ಬಂದವರು. ಅಜ್ಜಿ ಕೊನೆವರೆಗೂ ತುಳುವಿನಲ್ಲೇ ಬೈಯುತ್ತಿದ್ದರು. ಎರಡೇ ತಲೆಮಾರಿಗೆ ನಾವು ಇಲ್ಲಿಯವರಾದೆವು. ನಮ್ಮನ್ನು ಯಾರೂ ಮೂಲ ಕೇಳುವುದಿಲ್ಲ. ಅವರನ್ನು ಮಾತ್ರ ಯಾಕೆ ಕೇಳುತ್ತೇವೆ?

ಅವರು ಹಕ್ಕಿಪಿಕ್ಕಿ ಜನ. ಮನೆಮಾತು ವಾಗ್ರಿ. ಅದಕ್ಕೆ ಸ್ವಂತ ಲಿಪಿ ಇಲ್ಲ. ಗುಜರಾತಿಗೆ ಹತ್ತಿರದ ಭಾಷೆ ಅದು, ಅಂದರೆ ಈ ಜನ ಎಂದೋ ಪಶ್ಚಿಮ ಭಾರತದಿಂದ ಇಷ್ಟು ದೂರ ನಡೆದು ಬಂದಿದ್ದಾರೆ. ದಾರಿಯುದ್ದಕ್ಕೂ ಸಿಕ್ಕ ಊರಿನ ಮಾತು ಕಲಿತರು, ಮನೆಯದನ್ನು ಬಿಡಲಿಲ್ಲ. ಯುರೋಪಿನ ರೋಮಾ ಜನರದ್ದೂ ಇಂಥದ್ದೇ ಕಥೆ. ಸುಮಾರು 1000 ವರ್ಷದ ಹಿಂದೆ ಉತ್ತರ ಭಾರತ ಬಿಟ್ಟವರು ಇವತ್ತಿಗೂ ನೀರಿಗೆ ‘ಪಾನಿ’, ಎರಡಕ್ಕೆ ‘ದುಯಿ’ ಅನ್ನುತ್ತಾರೆ. ಅಲ್ಲೂ ಅವರಿಗೆ ಸಿಕ್ಕಿದ್ದು ಅನುಮಾನದ ನೋಟವೇ.

ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹೊಯ್ಸಳರೂ ಇಲ್ಲಿಗೆ ಬಂದವರೇ ಅಲ್ವಾ? ಅವರ ಮೂಲ ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುವ ಊರು. ಮಲೆಯಿಂದ ಇಳಿದು ಬೇಲೂರಿಗೆ, ಅಲ್ಲಿಂದ ಹಳೇಬೀಡಿಗೆ. 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದಲ್ಲಿ ಬಿಲ್ಲು ಹಿಡಿದ ಬೇಟೆಗಾತಿ ಮದನಿಕೆ ಇದ್ದಾಳೆ. ಅವಳ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಬೇಟೆಯನ್ನೇ ನಂಬಿ ಬದುಕಿದ್ದ ಈ ಹಕ್ಕಿಪಿಕ್ಕಿ ಜನ ಅದೇ ದೇವಸ್ಥಾನದ ಹೊರಗೆ ಟಾರ್ಪಾಲು ಹಾಸಿದರೆ “ಆ ಕಡೆ ಹೋಗಿ” ಅನ್ನುತ್ತೇವೆ. ನನಗೆ ಇದು ನಿಜವಾಗಿ ನೋವಾಗುತ್ತದೆ.

ಬೇಟೆ ನಿಂತಿದ್ದು 1972ರ ವನ್ಯಜೀವಿ ಕಾಯ್ದೆಯಿಂದ. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರ ಕೈಯಿಂದ ಒಂದು ಬದುಕೇ ಹೋಯಿತು. ಇವರು ಸುಮ್ನೆ ಕೂರಲಿಲ್ಲ. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಹಿಡಿದು ಊರೂರು ಸುತ್ತಿದರು, ಪಾಸ್‌ಪೋರ್ಟ್ ಮಾಡಿಸಿ ಆಫ್ರಿಕಾಕ್ಕೂ ಹೋದರು. 2023ರ ಏಪ್ರಿಲ್ 15ಕ್ಕೆ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದು ನೆನಪಿರಬಹುದು. ಆಗ ಜಾಸ್ತಿ ಜನ ಕೇಳಿದ್ದು ಒಂದೇ: “ಅಲ್ಲಿಗೆ ಯಾಕೆ ಹೋಗಬೇಕಿತ್ತು?”

ನಮ್ಮ ತೋಟದ ಮನೆಗಳ ಮಕ್ಕಳು ಅಮೆರಿಕಕ್ಕೆ ಹೋದಾಗ ಯಾರೂ ಹೀಗೆ ಕೇಳಲಿಲ್ಲ. ಸ್ವೀಟ್ ಹಂಚಿದೆವು. ಅವರು ಹೋದದ್ದು ದುಡಿಮೆಗೆ, ಇವರು ಹೋದದ್ದೂ ದುಡಿಮೆಗೆ. ಇವರ ಹಿಂದೆ ಕಂಪನಿ ಇರಲಿಲ್ಲ, ಅಷ್ಟೇ. ಗೊತ್ತಿಲ್ಲದ ದೇಶದಲ್ಲಿ ಬಾಯಿಮಾತಿನಿಂದ ವ್ಯಾಪಾರ ಮಾಡಿ ಮನೆಗೆ ದುಡ್ಡು ಕಳಿಸುವುದು ಸಣ್ಣ ವಿದ್ಯೆಯಲ್ಲ. ಇವರನ್ನು ‘ಅಲೆಮಾರಿಗಳು’ ಅಂತ ಮೂಗು ಮುರಿಯುವುದನ್ನು ನಾವು ಬಿಡಬೇಕು.

ಆ ಹೆಂಗಸಿನ ಮಗಳಿಗೆ ಎಂಟೊಂಬತ್ತು ವರ್ಷ ಇರಬಹುದು. ಚಿಲ್ಲರೆಯನ್ನು ಮನೆಮಾತಿನಲ್ಲಿ ಎಣಿಸಿ, ನನಗೆ ಕನ್ನಡದಲ್ಲಿ ಹೇಳಿ ಕೊಟ್ಟಳು. ಶಾಲೆಯಲ್ಲಿ ಈ ಭಾಷೆ ಮಾತಾಡ್ತೀಯಾ ಅಂದರೆ ತಲೆ ಬಗ್ಗಿಸಿ, “ಬೇರೆಯವರು ನಗ್ತಾರೆ” ಅಂದಳು.

ಈ ಸಲ ತೇರಿಗೆ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ. ಸೂಜಿಗೆ, ದಾರಕ್ಕೆ, ಮಣಿಗೆ, ಮಳೆಗೆ ಅವರ ಮಾತಿನಲ್ಲಿ ಏನನ್ನುತ್ತಾರೆ ಅಂತ ಆ ಹುಡುಗಿಯನ್ನೇ ಕೇಳಿ, ಕನ್ನಡ ಅಕ್ಷರದಲ್ಲಿ ಅವಳ ಕೈಯಲ್ಲೇ ಬರೆಸಬೇಕು. ಬೇಲೂರು ಕಡೆಯ ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಕ್ಲಾಸಿನ ವಾಗ್ರಿ ಮಕ್ಕಳ ಹತ್ತಿರವೂ ಇದನ್ನೇ ಶುರು ಮಾಡಿಸಿ. ನೋಟ್‌ಬುಕ್ ನಾನು ತಂದುಕೊಡುತ್ತೇನೆ.