ಬೆಳಗಿನ ಒಂದು ಗಂಟೆ ಎಲ್ಲರಿಗೂ ಸಿಗಲ್ಲ ಸರ್

ದಿನಾ ಬೆಳಗ್ಗೆ ಒಂದು ಗಂಟೆ ಏಕಾಂತದಲ್ಲಿ ಕೂತು ಪ್ರಾರ್ಥಿಸದವರಿಗೆ ದೇವರ ಆಪ್ತತೆ ದಕ್ಕುವುದಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸಿ ಎಂದು ಯೇಸುಸ್ವಾಮಿ ಹೇಳಿದ್ದು ನಿಜ (ಮತ್ತಾಯ 6:6). ಗಡಿಯಾರದ ಮಾತು ಅಲ್ಲೆಲ್ಲೂ ಇಲ್ಲವಲ್ಲ!

ನಮ್ಮ ಮೂಡಿಗೆರೆ ಕಡೆ ಡಿಸೆಂಬರ್, ಜನವರಿ ಅಂದರೆ ಕಾಫಿ ಕೊಯ್ಲು. ತೋಟದ ಕೂಲಿಯವರ ಲೈನ್ ಮನೆಯ ಒಂದೇ ಕೋಣೆಯಲ್ಲಿ ಐದಾರು ಜನ, ಯಾವ ಬಾಗಿಲು ಹಾಕೋದು? ನಮ್ಮಮ್ಮ ಹಣ್ಣು ಬಿಡಿಸುತ್ತಲೇ ಜಪಸರ ಮುಗಿಸೋರು. ಸೊಂಟಕ್ಕೆ ಚೀಲ, ಎರಡೂ ಕೈಗೆ ಕೆಲಸ, ಮಣಿ ಹಿಡಿಯಲು ಬೆರಳೇ ಬಿಡುವಿಲ್ಲ. ಮಣಿಗೊಂದರಂತೆ ಹತ್ತು ಸಲ ಹೇಳೋ ಮರಿಯಮ್ಮನ ಪ್ರಾರ್ಥನೆ 'ನಮೋ ಮರಿಯಾ' ಹತ್ತಾಯಿತೋ ಹನ್ನೊಂದೋ, ಲೆಕ್ಕ ತಪ್ಪಿದರೆ "ಮಾತೆಗೆ ಗೊತ್ತಿರುತ್ತೆ ಬಿಡು" ಅನ್ನೋರು. ನಡುನಡುವೆ ಮೇಸ್ತ್ರಿ ಮೇಲಿನ ಸಿಟ್ಟನ್ನೂ ದೇವರ ಹತ್ತಿರವೇ ತೋಡಿಕೊಳ್ಳೋರು. (ಅದೂ ಪ್ರಾರ್ಥನೆಯೇ, ನನ್ನ ಪ್ರಕಾರ.)

ಬೈಬಲಿನ 13ನೇ ಕೀರ್ತನೆ ನೋಡಿ, ಆರೇ ವಚನ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ತರಾಟೆಗೆ ತೆಗೆದುಕೊಂಡು ಶುರುವಾಗುತ್ತೆ. ಕೊನೆಗೆ ಹೇಗೋ ಸಮಾಧಾನಕ್ಕೆ ಬರುತ್ತೆ ಅನ್ನಿ. 88ನೆಯದು ಹಾಗೂ ಇಲ್ಲ, ಕತ್ತಲಲ್ಲೇ ನಿಂತುಬಿಡುತ್ತೆ. ಅಷ್ಟು ಸಲಿಗೆ ಇದ್ದವರು ಮಾತ್ರ ಹಾಗೆ ಜಗಳಕ್ಕೆ ನಿಲ್ಲೋದು. ನಿಮ್ಮ ಲೇಖನದಲ್ಲಿ ಸ್ತುತಿ, ಕೃತಜ್ಞತೆ ಧಾರಾಳವಾಗಿ ಇದೆ, ದೂರಿಗೆ ಮಾತ್ರ ಜಾಗವಿಲ್ಲ. ಮುಂದಿನ ಕಂತಿನಲ್ಲಿ ಅದನ್ನೂ ಬರೀರಿ.