ನಿಲ್ಲಲಾಗದವರ ಪಾಳಿ

"ಆಯೀನ ಇಲ್ಲೇ ಕಟ್ಟಿ ಮ್ಯಾಲ ಕೂಡಸ್ರಿ, ನೀವ್ ದರ್ಶನ ಮಾಡ್ಕೊಂಡ್ ಬರ್ರಿ." ಕಲಬುರಗಿ ಜಿಲ್ಲೆಯ ದೇವಸ್ಥಾನವೊಂದರ ಬಾಗಿಲಲ್ಲಿ 2021ರ ಆರಂಭದಲ್ಲಿ ಸ್ವಯಂಸೇವಕರೊಬ್ಬರು ಆಡಿದ ಈ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿ ನಾಟಿಕೊಂಡಿದೆ. ಅವರ ದನಿಯಲ್ಲಿ ಒರಟುತನವಿರಲಿಲ್ಲ, ಕಾಳಜಿಯಿಂದಲೇ ಹೇಳಿದ್ದರು. ಆದರೆ ಹರಕೆ ಹೊತ್ತವಳು ನನ್ನ ಅವ್ವ. ಮೊದಲಾಗಿದ್ದರೆ ಮೊಣಕಾಲು ಸವೆದ ಆಕೆಯನ್ನು ಪಕ್ಕದ ಬಾಗಿಲಿನಿಂದ, ಮೆಟ್ಟಿಲಿಲ್ಲದ ಹಾದಿಯಲ್ಲಿ ಮೆಲ್ಲಗೆ ಒಳಗೆ ಕರೆದುಕೊಂಡು ಹೋಗುತ್ತಿದ್ದೆವು. ಕೊರೊನಾ ಬಂದ ಮೇಲೆ ಎಲ್ಲರ ಜ್ವರ ನೋಡಲು ಒಂದೇ ಪ್ರವೇಶದ್ವಾರವಿರಬೇಕೆಂದು ಆ ಬಾಗಿಲಿಗೆ ಬೀಗ ಹಾಕಿದ್ದರು. ಎದುರಿನ ಬಾಗಿಲಿಗೆ ಕಲ್ಲಿನ ಮೆಟ್ಟಿಲುಗಳಿದ್ದವು, ಅವುಗಳ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳಿದ್ದವು. ನಿಲ್ಲಬಲ್ಲವರಿಗೆಲ್ಲ ಒಂದೊಂದು ವೃತ್ತವಿತ್ತು.

ಅದಕ್ಕೆ ಕೆಲವೇ ತಿಂಗಳ ಹಿಂದೆ ಇದೇ ಅವ್ವ ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಡಿಸ್ನಿಯವರ ಮನರಂಜನಾ ಪಾರ್ಕ್ ಆದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ದೋಣಿ ಹತ್ತಿದ್ದಳು. ಅಮೆರಿಕದ ನಮ್ಮ ಮನೆಗೆಂದು ಬಂದವಳು 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತದ್ದರಿಂದ ಇಲ್ಲಿಯೇ ಉಳಿಯಬೇಕಾಯಿತು. ಭಾರತದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಗಿತ್ತು. ಆ ಸುದ್ದಿ ಕೇಳಿದಂದಿನಿಂದ ಆಕೆ ಜನಜಂಗುಳಿಯೆಂದರೆ ಹೆದರುತ್ತಿದ್ದಳು. ಜುಲೈ 11ರಂದು ಪಾರ್ಕ್ ಮತ್ತೆ ತೆರೆದಿದ್ದರೂ ನಾವು ಧೈರ್ಯ ಮಾಡಿದ್ದು ಅಕ್ಟೋಬರ್‌ನಲ್ಲಿ.

ಅಲ್ಲಿ ಟಿಕೆಟ್ ಇದ್ದರೆ ಸಾಲುತ್ತಿರಲಿಲ್ಲ, ಹೋಗುವ ದಿನವನ್ನೂ ಮೊದಲೇ ಕಾದಿರಿಸಬೇಕಿತ್ತು. ನೆಲದ ಮೇಲೆ ಆರು ಅಡಿಗೊಂದು ಗುರುತು ಹಾಕಿದ್ದರು. ಪಾಳಿ ಅಂಕುಡೊಂಕಾಗಿ ತಿರುಗುವಲ್ಲಿ, ಅಕ್ಕಪಕ್ಕದವರ ಉಸಿರು ತಾಕದಿರಲೆಂದು ಪಾರದರ್ಶಕ ತಡೆಗಳನ್ನು ನಿಲ್ಲಿಸಿದ್ದರು. ಹೆಚ್ಚಿನ ಪಾಳಿಗಳಲ್ಲಿ ಗಾಲಿಕುರ್ಚಿಯವರೂ ಎಲ್ಲರ ಜೊತೆಗೇ ಸಾಗುತ್ತಾರೆ, ಏಕೆಂದರೆ ಹಾದಿಯ ಅಗಲ ಕನಿಷ್ಠ 36 ಇಂಚು ಇರಬೇಕೆಂಬ ನಿಯಮ ವಿಕಲಚೇತನರಿಗಾಗಿ ಅಮೆರಿಕ ಮಾಡಿದ 1990ರ ಕಾಯ್ದೆಯ ಬೆನ್ನಿಗೆ ಬಂದದ್ದು. ಹಾದಿ ಇಕ್ಕಟ್ಟಾಗಿರುವ ಹಳೆಯ ಆಟಗಳಿಗೆ ಬೇರೆ ದಾರಿಯಿದೆ. "ಇಟ್ಸ್ ಎ ಸ್ಮಾಲ್ ವರ್ಲ್ಡ್" ಎಂಬ ಆಟದಲ್ಲಿ ಗಾಲಿಕುರ್ಚಿಯನ್ನೇ ಹತ್ತಿಸಿಕೊಳ್ಳುವ ದೋಣಿಯೊಂದಿದ್ದು, ಅವ್ವ ಕುರ್ಚಿಯಿಂದ ಏಳಲೇ ಇಲ್ಲ. "ಇಷ್ಟ್ ಮಂದಿ ಕಾಯ್ಲಾಕತ್ತಾರ, ನನ್ ಸಲುವಾಗಿ ದೋಣಿ ನಿಂದರ್ಸ್ಯಾರ ನೋಡು" ಎಂದು ಆಕೆ ಸಂಕೋಚಪಟ್ಟಳು. ಕಾಯುತ್ತಿದ್ದವರಲ್ಲಿ ಯಾರೂ ಮುಖ ಗಂಟಿಕ್ಕಲಿಲ್ಲ.

ನಮ್ಮೊಂದಿಗೆ ಬೀದರ್ ಮೂಲದ ಸ್ನೇಹಿತರೊಬ್ಬರು ತಮ್ಮ ಮಗನನ್ನು ಕರೆತಂದಿದ್ದರು. ಆಟಿಸಂ ಇರುವ ಆ ಹುಡುಗನಿಗೆ ಪಾಳಿಯಲ್ಲಿ ಒಂದೇ ಕಡೆ ನಿಲ್ಲಲಾಗುವುದಿಲ್ಲ. ಇಂಥವರಿಗಾಗಿ 2013ರಿಂದ ಅಲ್ಲೊಂದು ಪದ್ಧತಿಯಿದೆ: ಫಲಕದಲ್ಲಿ ನಲವತ್ತು ನಿಮಿಷ ಕಾಯಬೇಕೆಂದಿದ್ದರೆ ಸರಿಸುಮಾರು ಅಷ್ಟೇ ಹೊತ್ತಿನ ನಂತರ ಮರಳಿ ಬರಲು ಸಮಯ ಕೊಡುತ್ತಾರೆ. ಹುಡುಗ ನೆರಳಿನಲ್ಲಿ ತಿರುಗಾಡಬಹುದು, ಕುಳಿತು ಏನಾದರೂ ತಿನ್ನಬಹುದು. ಅವನು ಯಾರನ್ನೂ ಹಿಂದಿಕ್ಕುವುದಿಲ್ಲ, ಅವನೂ ಕಾಯುತ್ತಾನೆ. ಆದರೆ ಅವನು ಎಲ್ಲಿದ್ದರೂ ಅವನ ಪಾಳಿ ಅವನದಾಗಿಯೇ ಇರುತ್ತದೆ. ದೈಹಿಕ ಅಂತರದ ಕಾಲದಲ್ಲಿ ಇದರಿಂದ ಇನ್ನೊಂದು ಉಪಯೋಗವೂ ಆಯಿತು: ಹೀಗೆ ಹೊರಗೆ ಕಾಯುವವರಷ್ಟೂ ಮಂದಿ ಪಾಳಿಯಲ್ಲಿ ಕಡಿಮೆಯಾದರು.

ನಮ್ಮಲ್ಲಿ ಈ ವಿಚಾರವೇ ಯಾರ ತಲೆಗೂ ಬರಲಿಲ್ಲವೆಂಬುದು ನನ್ನ ನೋವು. ಆರು ಅಡಿಗೊಬ್ಬರಂತೆ ನೂರು ಜನ ನಿಂತರೆ ಪಾಳಿ ಆರುನೂರು ಅಡಿಯಾಗುತ್ತದೆ. ದೇವಸ್ಥಾನದ ಮುಂದಿನ ತಗಡಿನ ಚಪ್ಪರ ಅದರ ಕಾಲು ಭಾಗಕ್ಕೂ ಸಾಲದು. ಉಳಿದವರು ಬಿಸಿಲಿಗೆ ಬೀಳುತ್ತಾರೆ, ನಮ್ಮ ಬಿಸಿಲು ಎಂಥದೆಂದು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಅಂಥ ಪಾಳಿಯಲ್ಲಿ ಮೊದಲು ಸೋಲುವವರು ಮುದುಕರು, ಬಸುರಿಯರು, ಊರುಗೋಲು ಹಿಡಿದವರು. 2020ರ ಜೂನ್‌ನಲ್ಲಿ ಗುಡಿಗಳು ಮತ್ತೆ ತೆರೆದಾಗ, 65 ದಾಟಿದವರು ಮನೆಯಲ್ಲೇ ಇರುವುದು ಒಳ್ಳೆಯದೆಂದು ಕೇಂದ್ರ ಸರ್ಕಾರ ಸಲಹೆ ನೀಡಿತ್ತು. ಆ ಸಲಹೆಯಲ್ಲಿ ತಪ್ಪಿರಲಿಲ್ಲ. ಆದರೆ ವ್ಯವಸ್ಥೆ ಮಾಡಿದವರು ಅಂಥವರು ಬರುವುದೇ ಇಲ್ಲವೆಂದು ಲೆಕ್ಕ ಹಾಕಿ ವೃತ್ತಗಳನ್ನು ಬರೆದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಗಲೇ ಜಾರಿಯಲ್ಲಿತ್ತು, ಅದಕ್ಕೂ ಮೊದಲು, ವಿಕಲಚೇತನರು ಎಲ್ಲೆಡೆ ಸಲೀಸಾಗಿ ಓಡಾಡುವಂತಾಗಲೆಂಬ ಸುಗಮ್ಯ ಭಾರತ ಅಭಿಯಾನವೂ ಬಂದಿತ್ತು. ಆ ಪಕ್ಕದ ಬಾಗಿಲಿನ ಬೀಗದ ಕೈ ಯಾರ ಬಳಿಯಿದೆ ಎಂದು ನಾನು ಕೇಳಿದಾಗ ಉತ್ತರಿಸುವವರು ಒಬ್ಬರೂ ಇರಲಿಲ್ಲ.

ಇದು ಹಣದ ಪ್ರಶ್ನೆ, ಅಮೆರಿಕಕ್ಕೆ ಮಾತ್ರ ಸಾಧ್ಯ ಎನ್ನುವವರು ತಿರುಪತಿಯನ್ನು ನೆನೆಯಬೇಕು. ಸಮಯ ನಮೂದಿಸಿದ ಟೋಕನ್‌ಗಳೂ, ಹಿರಿಯರಿಗೆ ಮತ್ತು ವಿಕಲಚೇತನರಿಗೆ ಪ್ರತ್ಯೇಕ ದರ್ಶನವೂ ಅಲ್ಲಿ ನಮ್ಮ ಭಾಗದ ಜನ ಕಂಡು ಬಂದಿರುವ ಸಂಗತಿಗಳೇ. ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರದಲ್ಲಿ ನಿರ್ಗುಣ ಪಾದುಕೆಗಳನ್ನು ಒಬ್ಬೊಬ್ಬರಾಗಿಯೇ ಸಣ್ಣ ಕಿಂಡಿಯಿಂದ ನೋಡಬೇಕಾಗಿರುವುದರಿಂದ, ಅಂಥಲ್ಲಿ ಸಮಯದ ಚೀಟಿ ಇನ್ನೂ ಸುಲಭ. ಶರಣಬಸವೇಶ್ವರರ ತೇರಿನ ದಿನ ಚೀಟಿ ನಡೆಯದು, ಅದು ಬೇರೆ ಮಾತು.

ಹಾಗೆಂದು ಆ ಅಮೆರಿಕದ ಪಾರ್ಕಿನದೆಲ್ಲ ಚೆನ್ನವೆಂದು ಬರೆದರೆ ಸುಳ್ಳಾಗುತ್ತದೆ. ನೂರು ಡಾಲರ್ ಮೀರಿದ ಟಿಕೆಟ್ ಕೊಂಡವರಿಗೆ ಮಾತ್ರ ಆ ಸೌಜನ್ಯ ಸಿಗುತ್ತದೆ. ನವೆಂಬರ್ 2020ರಲ್ಲೂ ಅವರು ಒಳಬಿಡುತ್ತಿದ್ದುದು ಒಟ್ಟು ಸಾಮರ್ಥ್ಯದ ಶೇ. 35ರಷ್ಟು ಜನರನ್ನು. ನಮ್ಮ ಜಾತ್ರೆ ಯಾರನ್ನೂ ಎಣಿಸುವುದಿಲ್ಲ, ಯಾರಿಂದಲೂ ದುಡ್ಡು ಕೇಳುವುದಿಲ್ಲ. ಪಾರ್ಕಿನಲ್ಲಿ ಎರಡು ವರ್ಷ ದಾಟಿದ ಪ್ರತಿ ಮಗುವಿಗೂ ಮಾಸ್ಕ್ ಕಡ್ಡಾಯವಾಗಿದ್ದರಿಂದ, ಮುಖಕ್ಕೆ ಬಟ್ಟೆ ತಾಕಿದರೆ ಸಹಿಸದ ಮಕ್ಕಳು ದೂರವೇ ಉಳಿದರು. ಸ್ನೇಹಿತರ ಮಗ ಹೇಗೋ ಒಗ್ಗಿಕೊಂಡಿದ್ದ. 2021ರಲ್ಲಿ ಹೆಚ್ಚುವರಿ ಹಣ ಕೊಟ್ಟವರಿಗೆ ಚಿಕ್ಕ ಪಾಳಿ ಬಂತು. ಮರಳಿ ಬರುವ ಸಮಯ ಕೊಡುವ ಸೌಲಭ್ಯವನ್ನು 2024ರಲ್ಲಿ ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗಷ್ಟೇ ಸೀಮಿತಗೊಳಿಸಿದಾಗ, ಬೇರೆ ಕಾಯಿಲೆಗಳಿಂದ ಬಳಲುವ ಎಷ್ಟೋ ಜನ ಅದನ್ನು ಕಳೆದುಕೊಂಡರು.

ಇನ್ನೊಂದನ್ನೂ ಒಪ್ಪಿಕೊಳ್ಳಲೇಬೇಕು. ಆ ಪಾರ್ಕಿನ ನೌಕರರಿಗೆ ಬಂದವರನ್ನು ಎತ್ತಿ ಕೂರಿಸುವ ಅನುಮತಿಯಿಲ್ಲ. ನಮ್ಮೂರಿನಲ್ಲಿ ಅವ್ವನ ಮುಖ ನೋಡಿದ ಇಬ್ಬರು ಅಪರಿಚಿತ ಹುಡುಗರು ಕಾಯಿ ಮಾರುವವರಿಂದ ಪ್ಲಾಸ್ಟಿಕ್ ಕುರ್ಚಿ ಇಸಕೊಂಡು, ಆಕೆಯನ್ನು ಅದರಲ್ಲಿ ಕೂರಿಸಿ, ಮೆಟ್ಟಿಲು ಹತ್ತಿಸಿ ಒಳಗೆ ಬಿಟ್ಟರು. ಆರು ಅಡಿಯ ನಿಯಮ ಅಲ್ಲಿಗೆ ಮುಗಿಯಿತು. ಅವರ ಋಣ ನನ್ನ ಮೇಲಿದೆ. ಆದರೂ ಅವ್ವ ದರ್ಶನಕ್ಕಾಗಿ ಅಂಥ ಹುಡುಗರು ಸಿಗುವುದನ್ನು ನೆಚ್ಚಿ ಕೂರಬಾರದು. ಜಾತ್ರೆಗೆ ಸ್ವಯಂಸೇವಕರನ್ನು ನೇಮಿಸುವಾಗ ಸಮಿತಿಯವರು ಒಬ್ಬರನ್ನು ಪಕ್ಕದ ಬಾಗಿಲಿಗೆ ಹಾಕಲಿ, ಅವರ ಕೈಗೆ ಬೀಗದ ಕೈಯನ್ನೂ ಸಮಯ ಬರೆದ ಚೀಟಿಗಳನ್ನೂ ಕೊಡಲಿ, ಚಪ್ಪರದ ನೆರಳಿನಲ್ಲಿ ಹತ್ತು ಕುರ್ಚಿ ಹಾಕಿಸಲಿ.